ಪುಡಿಹಾಲಿನ ಜಿಡ್ಡು

ನಮ್ಮ ಬಳಗದ ಮನೆಯೊಂದರಲ್ಲಿ ಕಳೆದ ವರ್ಷ 29ನೆಯ ವಾರಕ್ಕೇ ಕೂಸು ಹುಟ್ಟಿತು. ತೂಕ ಒಂದು ಕಿಲೋಗೆ ತುಸು ಮಿಗಿಲು. ಬಸುರಿಯ ರಕ್ತದೊತ್ತಡ ಏರಿದ್ದರಿಂದ ಅವಸರದ ಶಸ್ತ್ರಕ್ರಿಯೆಯಾಗಿತ್ತು. ಮೊದಲ ಕೆಲವು ದಿನ ಹಾಲಿಳಿಯಲಿಲ್ಲ. ದಿನ ತುಂಬದ ಶಿಶುಗಳಿಗೆಂದೇ ತಯಾರಾದ ಪುಡಿಹಾಲನ್ನು ಒಂದೊಂದು ಮಿಲಿಲೀಟರಿನಂತೆ ನಳಿಕೆಯಲ್ಲಿ ಕೊಡುವುದಾಗಿ ಹೇಳಿ ವೈದ್ಯರು ಮನೆಯವರ ಒಪ್ಪಿಗೆ ಕೇಳಿದರು. ಬಾಗಲಕೋಟೆಯಿಂದ ಅದೇ ತಾನೇ ಪುಣೆಗೆ ಬಂದಿಳಿದಿದ್ದ ಅಜ್ಜಿ ಒಂದೇ ಪ್ರಶ್ನೆ ಕೇಳಿದರು: “ಈ ಪುಡಿ ಹಾಲಿನಾಗ ತಾಯಿ ಹಾಲಿನ ಜಿಡ್ಡು ಇರ್ತದೇನ್ರಿ?” ಮೊಮ್ಮಗ ಅದನ್ನು ಮರಾಠಿಗೆ ತಿರುಗಿಸಿ ಹೇಳಿದ. ವೈದ್ಯರು ನಕ್ಕು, “ಇರುತ್ತದೆ, ಎಲ್ಲವನ್ನೂ ಹಾಕಿರುತ್ತಾರೆ” ಎಂದರು.

ಆ ಉತ್ತರ ತಪ್ಪೇನಲ್ಲ. ಆದರೆ ‘ಎಲ್ಲವನ್ನೂ ಹಾಕಿದ್ದೇವೆ’ ಎಂಬ ಮಾತನ್ನು ಕಳೆದ ಒಂದೂವರೆ ಶತಮಾನದಲ್ಲಿ ಬಲ್ಲವರು ಹಲವು ಸಲ ಹೇಳಿದ್ದಾರೆ. ಪ್ರತಿ ಸಲವೂ ಏನೋ ಒಂದು ಬಿಟ್ಟುಹೋಗಿದ್ದುದು ಆಮೇಲೆ ಗೊತ್ತಾಗಿದೆ. ಹಾಗೆ ಬಿಟ್ಟುಹೋದವುಗಳಲ್ಲಿ ಬಹುಪಾಲು ಅಜ್ಜಿ ಕೇಳಿದ ಜಿಡ್ಡಿಗೇ ಸೇರಿದವು. ನಾವು ವೈದ್ಯರಲ್ಲ. ಆದರೂ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೇಳಿದ ಆ ಪ್ರಶ್ನೆಯನ್ನು ಹಿಡಿದು ಹೊರಟಾಗ ದೊರೆತ ಚರಿತ್ರೆ ಹಂಚಿಕೊಳ್ಳತಕ್ಕದ್ದು ಎನಿಸಿತು.

ಮೊದಲು ಕೂಸಿನ ಸ್ಥಿತಿಯನ್ನು ತಿಳಿಯಬೇಕು. ತಾಯಿಯ ಹಾಲಿನಲ್ಲಿ ಕೊಬ್ಬು ನೂರಕ್ಕೆ ಸುಮಾರು ನಾಲ್ಕು ಪಾಲು ಮಾತ್ರ. ಆದರೆ ಆ ಹಾಲು ಕೊಡುವ ಶಕ್ತಿಯ ಅರ್ಧದಷ್ಟು ಅದರಿಂದಲೇ ಬರುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನ ಮೈತೂಕದಲ್ಲಿ ಹತ್ತನೆಯ ಒಂದು ಪಾಲಿಗೂ ಮಿಕ್ಕಿ ಕೊಬ್ಬು ಇರುತ್ತದೆ. 28ನೆಯ ವಾರದಲ್ಲಿ ಹುಟ್ಟಿದ ಕೂಸಿನಲ್ಲಿ ಅದು ತೀರ ಕಡಿಮೆ. ಬಸುರಿನ ಕಡೆಯ ಮೂರು ತಿಂಗಳಲ್ಲಿ ಮಾಸಿನ ಮೂಲಕ ಹರಿದುಬರಬೇಕಾಗಿದ್ದ ಗಂಟು ಬರುವ ಮೊದಲೇ ಅದು ತಾಯಿಯಿಂದ ಬೇರಾಗಿದೆ. ಜಿಡ್ಡನ್ನು ಅರಗಿಸಬೇಕಾದ ಪಿತ್ತರಸವೂ ಮೇದೋಜೀರಕ ಗ್ರಂಥಿಯ ಕಿಣ್ವವೂ ಅದರಲ್ಲಿ ಇನ್ನೂ ಸಾಲದು. ಮಿಕ್ಕೆಲ್ಲ ಮಕ್ಕಳಿಗಿಂತ ಹೆಚ್ಚು ಕೊಬ್ಬು ಬೇಕಾದ ಕೂಸಿಗೆ ಅದನ್ನು ಅರಗಿಸುವ ಶಕ್ತಿ ಎಲ್ಲರಿಗಿಂತ ಕಡಿಮೆ. ಮುಂದೆ ಹೇಳುವ ಎಲ್ಲ ಶೋಧಗಳೂ ಎಲ್ಲ ಎಡವಟ್ಟುಗಳೂ ಈ ಇಕ್ಕಟ್ಟಿನಿಂದಲೇ ಹುಟ್ಟಿದವು.

ಕೃತಕ ಶಿಶು ಆಹಾರದ ಚರಿತ್ರೆಯನ್ನು ಸಾಮಾನ್ಯವಾಗಿ 1865ರಿಂದ ಎಣಿಸುತ್ತಾರೆ. ಜರ್ಮನಿಯ ರಸಾಯನವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ ಹಸುವಿನ ಹಾಲು, ಗೋಧಿ ಹಿಟ್ಟು, ಮೊಳಕೆ ಬಾರ್ಲಿಯ ಹಿಟ್ಟು ಮತ್ತು ಪೊಟ್ಯಾಸಿಯಂ ಬೈಕಾರ್ಬನೇಟ್ ಸೇರಿಸಿದ ಶಿಶು ಆಹಾರವೊಂದನ್ನು ಪ್ರಕಟಿಸಿದ. ಎರಡು ವರ್ಷಗಳ ಬಳಿಕ ಸ್ವಿಟ್ಜರ್ಲೆಂಡಿನ ವೆವೇ ಊರಿನಲ್ಲಿ ಹೆನ್ರಿ ನೆಸ್ಲೆ ತನ್ನ ಹಾಲುಹಿಟ್ಟನ್ನು ಮಾರುಕಟ್ಟೆಗೆ ತಂದ. ಲೀಬಿಗ್ ಆಹಾರವನ್ನು ಎರಡು ಬಗೆಯಾಗಿ ವಿಂಗಡಿಸಿದ್ದ: ಸಾರಜನಕವುಳ್ಳದ್ದು ಮೈ ಕಟ್ಟುವುದಕ್ಕೆ, ಪಿಷ್ಟ ಸಕ್ಕರೆ ಕೊಬ್ಬುಗಳು ಉರಿದು ಮೈಗೆ ಕಾವು ಕೊಡುವುದಕ್ಕೆ. ಈ ವಿಂಗಡಣೆಯಲ್ಲಿ ಕೊಬ್ಬು ಬರಿಯ ಉರುವಲು. ಉರುವಲಾದ ಮೇಲೆ ಯಾವ ಮರದ ಕಟ್ಟಿಗೆಯಾದರೇನು? ಬೆಣ್ಣೆಯೋ ಎಣ್ಣೆಯೋ, ಅದೂ ಇಲ್ಲದಿದ್ದರೆ ಸಕ್ಕರೆಯೋ, ಒಲೆ ಉರಿದರೆ ಸಾಕು. ಲೀಬಿಗ್‌ನ ಹಿಟ್ಟು ಅಂಗಡಿಯಿಂದ ಕಾಣೆಯಾದ ಮೇಲೂ ಈ ಎಣಿಕೆ ವೈದ್ಯರ ಮನಸ್ಸಿನಲ್ಲಿ ಬಹುಕಾಲ ಉಳಿಯಿತು.

ಅದೇ ಕಾಲದಲ್ಲಿ ದಿನ ತುಂಬದ ಶಿಶುಗಳನ್ನು ಉಳಿಸುವ ಕೆಲಸ ಪ್ಯಾರಿಸಿನಲ್ಲಿ ಬೇರೆ ದಾರಿಯಲ್ಲಿ ಸಾಗಿತ್ತು. 1880ರ ಸುಮಾರಿಗೆ ಸ್ತೆಫಾನ್ ತಾರ್ನಿಯೇ ಎಂಬ ಪ್ರಸೂತಿ ವೈದ್ಯ, ಕೋಳಿಮರಿ ಮಾಡಿಸುವ ಕಾವುಪೆಟ್ಟಿಗೆಯನ್ನು ನೋಡಿ, ಅದೇ ಮಾದರಿಯಲ್ಲಿ ಕೂಸುಗಳಿಗೂ ಪೆಟ್ಟಿಗೆ ಮಾಡಿಸಿದ. ಅವನ ಶಿಷ್ಯ ಪಿಯೆರ್ ಬುದ್ಯಾಂ 1900ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂಥ ಕೂಸಿಗೆ ಕಾವಿನಷ್ಟೇ ಎದೆಹಾಲೂ ಮುಖ್ಯವೆಂದು ಪಟ್ಟು ಹಿಡಿದ. ಅಮೆರಿಕೆಯ ಕೋನಿ ಐಲೆಂಡಿನಲ್ಲಿ ಮಾರ್ಟಿನ್ ಕೂನಿ 1903ರಿಂದ ನಾಲ್ಕು ದಶಕ ಕಾಲ ಕಾವುಪೆಟ್ಟಿಗೆಯ ಕೂಸುಗಳನ್ನು ಟಿಕೆಟ್ಟಿಟ್ಟು ಪ್ರದರ್ಶಿಸುತ್ತಿದ್ದುದು ಇಂದು ನಮಗೆ ವಿಚಿತ್ರವಾಗಿ ಕಾಣುತ್ತದೆ. ಆದರೆ ಆ ಪ್ರದರ್ಶನದ ಹಿಂದೆಯೂ ಸಂಬಳದ ಹಾಲೂಡುವ ದಾದಿಯರಿದ್ದರು. ಎಲ್ಲಿಯವರೆಗೆ ಹೆಂಗಸಿನ ಹಾಲು ಸಿಗುತ್ತಿತ್ತೋ ಅಲ್ಲಿಯವರೆಗೆ ಅದರ ಜಿಡ್ಡಿನಲ್ಲಿ ಏನಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಹಾಲಿಗೆ ಬದಲಿ ಬೇಕಾದಾಗ ಪ್ರಶ್ನೆ ಎದ್ದಿತು.

ಅದನ್ನು ಗಂಭೀರವಾಗಿ ಎತ್ತಿಕೊಂಡವರಲ್ಲಿ ಕ್ಲೀವ್‌ಲೆಂಡಿನ ಮಕ್ಕಳ ವೈದ್ಯ ಹೆನ್ರಿ ಗರ್ಸ್ಟೆನ್‌ಬರ್ಗರ್ ಮೊದಲಿಗ. ಹಸುವಿನ ಬೆಣ್ಣೆಯನ್ನು ತೆಗೆದು, ಪ್ರಾಣಿಜನ್ಯ ಮತ್ತು ಸಸ್ಯಜನ್ಯ ಕೊಬ್ಬುಗಳನ್ನು ಕಾಡ್ ಮೀನಿನೆಣ್ಣೆಯೊಡನೆ ಬೆರೆಸಿ, ಆ ಮಿಶ್ರಣದ ಗುಣಗಳು ತಾಯಿಹಾಲಿನ ಕೊಬ್ಬಿಗೆ ಸರಿಹೊಂದುವಂತೆ ಅವನು ಮಾಡಿದ. 1915ರಲ್ಲಿ ವರದಿಯಾದ ಈ ಆಹಾರಕ್ಕೆ ಎಸ್.ಎಂ.ಎ. ಎಂಬ ಹೆಸರಾಯಿತು. ಬೆಣ್ಣೆ ಅರಗದೆ ಮಲದಲ್ಲಿ ಹೋಗುವುದು ಇದರಿಂದ ತಗ್ಗಿತು. ಮೀನೆಣ್ಣೆಯಿಂದ ಮೂಳೆ ಮೆತ್ತಗಾಗುವ ರೋಗಕ್ಕೂ ತಡೆಯಾಯಿತು. ಆದರೂ ‘ಸರಿಹೊಂದುವುದು’ ಎಂದರೆ ಆ ಕಾಲದ ಪ್ರಯೋಗಶಾಲೆ ಅಳೆಯಬಲ್ಲ ಕೆಲವೇ ಗುಣಗಳಲ್ಲಿ ಸರಿಹೊಂದುವುದು. ಅಳೆಯಲಾಗದ್ದು ಲೆಕ್ಕಕ್ಕೇ ಬರಲಿಲ್ಲ.

ಕೊಬ್ಬು ಬರಿಯ ಉರುವಲು ಎಂಬ ನಂಬಿಕೆಯನ್ನು ಮುರಿದವರು ಮಿನ್ನೆಸೋಟ ವಿಶ್ವವಿದ್ಯಾಲಯದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ. 1929ರಲ್ಲಿ ಅವರು ಇಲಿಗಳಿಗೆ ಕೊಬ್ಬನ್ನು ಪೂರ್ತಿಯಾಗಿ ತೆಗೆದ ಆಹಾರ ಕೊಟ್ಟು ಸಾಕಿದರು. ಉರುವಲಿಗೆ ಕೊರತೆಯಿರಲಿಲ್ಲ, ಸಕ್ಕರೆ ಧಾರಾಳವಾಗಿತ್ತು. ಆದರೂ ಇಲಿಗಳ ಬೆಳವಣಿಗೆ ನಿಂತಿತು, ಚರ್ಮ ಹೊಟ್ಟೆದ್ದಿತು, ಬಾಲ ಹುರುಪೆಗಟ್ಟಿ ಉದುರತೊಡಗಿತು. ಲಿನೋಲಿಕ್ ಆಮ್ಲವೆಂಬ ಕೊಬ್ಬಿನಾಮ್ಲವನ್ನು ಕೆಲವೇ ಹನಿ ಕೊಟ್ಟಾಗ ಅವು ಚೇತರಿಸಿಕೊಂಡವು. ಶರೀರ ತಾನೇ ತಯಾರಿಸಿಕೊಳ್ಳಲಾರದ, ಹೊರಗಿನಿಂದಲೇ ಬರಬೇಕಾದ ಕೊಬ್ಬಿನಾಮ್ಲಗಳಿವೆ ಎಂಬುದು ಹೀಗೆ ತಿಳಿಯಿತು. ಅವುಗಳಿಗೆ ‘ಅತ್ಯಾವಶ್ಯಕ’ ಎಂಬ ವಿಶೇಷಣ ಅಂಟಿತು.

ಮನುಷ್ಯನಿಗೂ ಇದು ಸಲ್ಲುವುದೇ ಎಂಬ ಸಂಶಯ ಉಳಿಯಿತು. ಅದೇ ಪ್ರಯೋಗಶಾಲೆಯ ವಿಲಿಯಂ ಬ್ರೌನ್ ತಾನೇ ಆರು ತಿಂಗಳು ಕೊಬ್ಬು ಬಿಟ್ಟು ಉಂಡ. 1938ರಲ್ಲಿ ಆ ವರದಿ ಪ್ರಕಟವಾಯಿತು. ಅವನ ಚರ್ಮಕ್ಕೆ ಏನೂ ಆಗಲಿಲ್ಲ. ಮನುಷ್ಯನಿಗೆ ಲಿನೋಲಿಕ್ ಆಮ್ಲ ಬೇಡವೆಂದು ಹಲವರು ಬಗೆದರು. ಬೆಳೆದ ಗಂಡಸಿನ ಮೈಯಲ್ಲಿ ವರ್ಷಗಟ್ಟಲೆ ಸಾಲುವಷ್ಟು ದಾಸ್ತಾನಿರುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ. ದಾಸ್ತಾನೇ ಇಲ್ಲದ ಮನುಷ್ಯ ಯಾರೆಂದು ಕೇಳಿದ್ದರೆ ಕಾವುಪೆಟ್ಟಿಗೆಯ ಕೂಸು ನೆನಪಾಗುತ್ತಿತ್ತು.

ಆ ದಿಕ್ಕಿಗೆ ನೋಡಿದವನು ಬರ್ ಅವರ ಜೊತೆ ದುಡಿದಿದ್ದ ಮಕ್ಕಳ ವೈದ್ಯ ಆರಿಲ್ಡ್ ಹ್ಯಾನ್ಸನ್. ಟೆಕ್ಸಸ್ಸಿನ ಗ್ಯಾಲ್ವೆಸ್ಟನ್ನಿನಲ್ಲಿ ಅವನೂ ಅವನ ಸಂಗಡಿಗರೂ ಬಗೆಬಗೆಯ ಕೊಬ್ಬಿನ ಹಾಲು ಕುಡಿದ 428 ಶಿಶುಗಳನ್ನು ಅಭ್ಯಸಿಸಿ 1963ರಲ್ಲಿ ದೀರ್ಘ ವರದಿ ಪ್ರಕಟಿಸಿದರು. ಲಿನೋಲಿಕ್ ಆಮ್ಲ ತೀರ ಕಡಿಮೆಯಿದ್ದ, ಕೆನೆ ತೆಗೆದ ಹಾಲಿನ ಆಹಾರ ಪಡೆದ ಕೂಸುಗಳ ಚರ್ಮ ಒಣಗಿ, ದಪ್ಪವಾಗಿ, ಪದರಪದರವಾಗಿ ಕಿತ್ತುಬಂತು. ಬರ್ ಅವರ ಇಲಿಗಳಿಗೆ ಆದದ್ದೇ ಮನುಷ್ಯನ ಮಕ್ಕಳಿಗೂ ಆಗಿತ್ತು. ಲಿನೋಲಿಕ್ ಆಮ್ಲ ಕೊಟ್ಟಾಗ ಚರ್ಮ ಮಾಗಿತು. ಇಂಥ ಪ್ರಯೋಗವನ್ನು ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪಲಾರದು. ಇಂದು ಪ್ರತಿ ಡಬ್ಬಿಯ ಮೇಲೆ ಲಿನೋಲಿಕ್ ಆಮ್ಲದ ಪ್ರಮಾಣ ಅಚ್ಚಾಗಿರುವುದರ ಹಿಂದೆ ಆ ಕೂಸುಗಳ ಒಣಗಿದ ಚರ್ಮವಿದೆ ಎಂಬುದನ್ನು ಮರೆಯುವಂತಿಲ್ಲ.

ದಿನ ತುಂಬದ ಶಿಶುಗಳ ವಾರ್ಡುಗಳಲ್ಲಿ ಈ ನಡುವೆ ಬೇರೊಂದು ವಾದ ಗೆದ್ದಿತ್ತು. 1947ರಲ್ಲಿ ಅಮೆರಿಕೆಯ ಗಾರ್ಡನ್, ಲೆವಿನ್ ಮತ್ತು ಮ್ಯಾಕ್‌ನಮಾರಾ, ಅರ್ಧ ಕೆನೆ ತೆಗೆದ ಹಸುವಿನ ಹಾಲಿನ ಮಿಶ್ರಣ ಕುಡಿದ ಕೂಸುಗಳು ತಾಯಿಹಾಲು ಕುಡಿದವುಗಳಿಗಿಂತ ಬೇಗ ತೂಕ ಗಳಿಸುತ್ತವೆ ಎಂದು ತೋರಿಸಿದರು. ಹೇಗೂ ಅರಗದ ಕೊಬ್ಬನ್ನು ಕಳೆದು ಪ್ರೋಟೀನನ್ನು ಹೆಚ್ಚಿಸುವುದು ತರ್ಕಬದ್ಧವಾಗಿಯೇ ಕಂಡಿತು. ತಕ್ಕಡಿಯ ಮುಳ್ಳು ಮೇಲೇರುವುದು ವೈದ್ಯರಿಗೂ ತಾಯಂದಿರಿಗೂ ನೆಮ್ಮದಿ ತರುವ ನೋಟ. ಆದರೆ ಏರಿದ ತೂಕದಲ್ಲಿ ನೀರೆಷ್ಟು, ಮಾಂಸವೆಷ್ಟು, ಮಿದುಳೆಷ್ಟು ಎಂದು ತಕ್ಕಡಿ ಹೇಳುವುದಿಲ್ಲ. ಒಂದೇ ಅಳತೆಯನ್ನು ನಂಬಿ ತಾಯಿಹಾಲನ್ನು ಹಿಂದಕ್ಕೆ ಸರಿಸಿದ ಆ ದಶಕಗಳು ಈ ಚರಿತ್ರೆಯ ದೊಡ್ಡ ತಿರುವು.

ಕೊಬ್ಬನ್ನು ಕಳೆಯುವ ಬದಲು ಅರಗುವಂತೆ ಮಾಡಲಾಗದೇ? ಮುಂದಿನ ತಲೆಮಾರಿನ ಪ್ರಶ್ನೆ ಇದು. ಕೊಬ್ಬಿನ ಒಂದು ಅಣುವೆಂದರೆ ಗ್ಲಿಸರಾಲ್ ಎಂಬ ಬೆನ್ನಿಗೆ ತಗುಲಿದ ಮೂರು ಕೊಬ್ಬಿನಾಮ್ಲಗಳು. ತಾಯಿಹಾಲಿನಲ್ಲಿ ಪಾಮಿಟಿಕ್ ಆಮ್ಲವು ಬಹುಪಾಲು ನಡುವಿನ ಸ್ಥಾನದಲ್ಲಿ ಕುಳಿತಿರುತ್ತದೆ. ತಾಳೆ ಮುಂತಾದ ಎಣ್ಣೆಗಳಲ್ಲಿ ಅಂಚಿನಲ್ಲಿರುತ್ತದೆ. ಅರಗಿಸುವ ಕಿಣ್ವ ಅಂಚಿನವನ್ನು ಕತ್ತರಿಸುತ್ತದೆ. ಹಾಗೆ ಬಿಡುಗಡೆಯಾದ ಪಾಮಿಟಿಕ್ ಆಮ್ಲ ಕರುಳಿನಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಸಾಬೂನಾಗಿ ಹೊರಹೋಗುತ್ತದೆ. ಜಿಡ್ಡೂ ನಷ್ಟ, ಮೂಳೆಗೆ ಬೇಕಾದ ಸುಣ್ಣವೂ ನಷ್ಟ. ಹಂದಿಯ ಕೊಬ್ಬಿನಲ್ಲಿ ಮಾತ್ರ ಅದು ತಾಯಿಹಾಲಿನಂತೆಯೇ ನಡುವಿನಲ್ಲಿದೆ. 1969ರಲ್ಲಿ ಫೈಲರ್, ಮ್ಯಾಟ್ಸನ್ ಮತ್ತು ಫೊಮನ್, ಹಂದಿಯ ಕೊಬ್ಬನ್ನು ಇದ್ದಂತೆ ಕೊಟ್ಟರೆ ಶಿಶು ಚೆನ್ನಾಗಿ ಹೀರಿಕೊಳ್ಳುತ್ತದೆಂದೂ ಅದೇ ಕೊಬ್ಬಿನ ಆಮ್ಲಗಳ ಸ್ಥಾನಗಳನ್ನು ಕಲಸಿಬಿಟ್ಟರೆ ಹೀರಿಕೆ ತಗ್ಗುತ್ತದೆಂದೂ ತೋರಿಸಿದರು. ಸಾಮಗ್ರಿ ಒಂದೇ, ಜೋಡಣೆ ಬೇರೆ. ಡಬ್ಬಿಯ ಮೇಲಿನ ಪಟ್ಟಿ ಸಾಮಗ್ರಿಯನ್ನು ಹೇಳುತ್ತದೆಯೇ ಹೊರತು ಜೋಡಣೆಯನ್ನು ಹೇಳುವುದು ಅಪರೂಪ.

ಇನ್ನೊಂದು ಉಪಾಯ ತೆಂಗಿನೆಣ್ಣೆಯಿಂದ ಬಂತು. ಅದರಿಂದ ಬೇರ್ಪಡಿಸಿದ ಮಧ್ಯಮ ಸರಪಳಿಯ ಕೊಬ್ಬಿಗೆ ಪಿತ್ತರಸದ ನೆರವು ಹೆಚ್ಚು ಬೇಕಿಲ್ಲ. ಕರುಳಿನಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. 1975ರಲ್ಲಿ ಮಾಂಟ್ರಿಯಲ್‌ನ ಕ್ಲೋಡ್ ರಾಯ್ ಮತ್ತು ಸಂಗಡಿಗರು ಇದನ್ನು ಬಳಸಿ ದಿನ ತುಂಬದ ಶಿಶುಗಳ ಕೊಬ್ಬಿನ ಅಜೀರ್ಣವನ್ನು ಸರಿಪಡಿಸಿದ ವರದಿ ಬಂದ ಮೇಲೆ, ಇಂಥ ಶಿಶುಗಳ ಕೆಲವು ಪುಡಿಹಾಲುಗಳಲ್ಲಿ ಕೊಬ್ಬಿನ ಅರ್ಧದಷ್ಟು ಈ ಬಗೆಯದೇ ಆಯಿತು. ಜಿಡ್ಡು ಅರಗಿತು. ಆದರೆ ಆಮೇಲೆ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಬೆಳವಣಿಗೆಯಲ್ಲಿ ಸ್ಪಷ್ಟ ಮೇಲುಗೈ ಕಾಣಲಿಲ್ಲ. ಈ ಕೊಬ್ಬು ಚೆನ್ನಾಗಿ ಉರಿಯುತ್ತದೆ, ಕಟ್ಟಡಕ್ಕೆ ಒದಗುವುದಿಲ್ಲ. ಒಂದು ಸುತ್ತು ತಿರುಗಿ ನಾವು ಲೀಬಿಗ್‌ನ ಉರುವಲಿಗೇ ಮರಳಿದ್ದೆವು.

ಬೇಕಾದದ್ದನ್ನು ಸೇರಿಸುವುದೂ ಅಪಾಯವಿಲ್ಲದ ಕೆಲಸವಲ್ಲ. ಲಿನೋಲಿಕ್ ಆಮ್ಲದ ಮಹಿಮೆ ತಿಳಿದ ಮೇಲೆ ಸಸ್ಯದೆಣ್ಣೆಗಳು ಧಾರಾಳವಾಗಿ ಡಬ್ಬಿಗೆ ಸೇರಿದವು. 1967ರಲ್ಲಿ ಫ್ರಾಂಕ್ ಆಸ್ಕಿ ಮತ್ತು ಲೂಯಿಸ್ ಬಾರ್ನೆಸ್ ಎಂಬ ವೈದ್ಯರು, ಕೆಲವು ವಾರ ತುಂಬಿದ ದಿನಗೆಟ್ಟ ಕೂಸುಗಳಲ್ಲಿ ಕೆಂಪು ರಕ್ತಕಣಗಳು ಒಡೆದು ರಕ್ತಹೀನತೆ ಬರುತ್ತಿರುವುದನ್ನು ಗುರುತಿಸಿ, ಅದಕ್ಕೆ ‘ಇ’ ಜೀವಸತ್ವದ ಕೊರತೆ ಕಾರಣವೆಂದರು. ಅಪರ್ಯಾಪ್ತ ಕೊಬ್ಬಿನಾಮ್ಲಗಳು ಬೇಗ ಕಮಟುವಂಥವು; ಅವು ಜೀವಕೋಶದ ಪೊರೆಗೆ ಸೇರಿದಷ್ಟೂ ಅವನ್ನು ಕಾಯಲು ‘ಇ’ ಜೀವಸತ್ವ ಹೆಚ್ಚು ಬೇಕು. ಜೊತೆಗೆ ರಕ್ತ ಹೆಚ್ಚಲೆಂದು ಸೇರಿಸಿದ ಕಬ್ಬಿಣವೇ ಕಮಟುವಿಕೆಯನ್ನು ಚುರುಕಾಗಿಸುತ್ತಿತ್ತು. ಎರಡು ಒಳ್ಳೆಯ ಪದಾರ್ಥಗಳು ಕೂಡಿ ಒಂದು ಕೆಡುಕನ್ನು ಮಾಡಿದ್ದವು. ಅಂದಿನಿಂದ ಕೊಬ್ಬಿನ ಪ್ರಮಾಣಕ್ಕೆ ತಕ್ಕಂತೆ ‘ಇ’ ಜೀವಸತ್ವ ಇರಬೇಕೆಂಬ ನಿಯಮ ಬಂತು.

ಇಷ್ಟೆಲ್ಲ ಆದರೂ ಒಂದು ಕುಟುಂಬದ ಕೊಬ್ಬಿನಾಮ್ಲಗಳು ಇನ್ನೂ ಲೆಕ್ಕದ ಹೊರಗಿದ್ದವು. ಅವನ್ನು ಮನುಷ್ಯನಿಗೆ ಅತ್ಯಾವಶ್ಯಕವೆಂದು ತೋರಿಸಿದ ಘಟನೆ ಶಿಶುವಿನದಲ್ಲ, ಆರು ವರ್ಷದ ಹುಡುಗಿಯೊಬ್ಬಳದು. ಹೊಟ್ಟೆಗೆ ಗುಂಡೇಟು ತಗುಲಿ ಕರುಳಿನ ಬಹುಭಾಗವನ್ನು ಕಳೆದುಕೊಂಡಿದ್ದ ಅವಳಿಗೆ ರಕ್ತನಾಳದ ಮೂಲಕವೇ ಆಹಾರ ಕೊಡಬೇಕಾಗಿತ್ತು. ಅದರ ಕೊಬ್ಬು ಕುಸುಬೆ ಎಣ್ಣೆಯಿಂದ ತಯಾರಾದದ್ದು. ನಮ್ಮ ಬಿಜಾಪುರ ಬಾಗಲಕೋಟೆಗಳ ಅಡುಗೆಮನೆಯ ಆ ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ತುಂಬಿದೆ. ಅಗಸೆಯಲ್ಲಿ ಹೇರಳವಾಗಿರುವ ಆಲ್ಫಾ ಲಿನೋಲೆನಿಕ್ ಆಮ್ಲ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಕೆಲವು ತಿಂಗಳಲ್ಲಿ ಹುಡುಗಿಗೆ ಕಾಲು ಜೋಮು ಹಿಡಿಯಿತು, ನಡೆಯಲಾಗಲಿಲ್ಲ, ಕಣ್ಣು ಮಂಜಾಯಿತು. ಸೋಯಾ ಎಣ್ಣೆಯ ದ್ರಾವಣಕ್ಕೆ ಬದಲಾಯಿಸಿದಾಗ ಈ ತೊಂದರೆಗಳು ಮಾಯವಾದವು. 1982ರಲ್ಲಿ ಇದನ್ನು ಪ್ರಕಟಿಸಿದ ರಾಲ್ಫ್ ಹೋಲ್ಮನ್, ಜಾರ್ಜ್ ಬರ್ ಅವರ ಶಿಷ್ಯ. ಇಂದು ಎಲ್ಲರ ಬಾಯಲ್ಲಿರುವ ‘ಒಮೆಗಾ-3’, ‘ಒಮೆಗಾ-6’ ಎಂಬ ಹೆಸರಿಡುವ ಪದ್ಧತಿ ಅವನದೇ. ಗುರು ಇಲಿಯ ಬಾಲದಲ್ಲಿ ಕಂಡ ಕೊರತೆಯ ಇನ್ನೊಂದು ಮುಖವನ್ನು ಐದು ದಶಕಗಳ ಬಳಿಕ ಶಿಷ್ಯ ಮಗುವಿನ ಕಾಲುಗಳಲ್ಲಿ ಕಂಡ.

ಅಷ್ಟರಲ್ಲಿ ಕೆನಡಾದ ಮೈಕೆಲ್ ಕ್ಲ್ಯಾಂಡಿನಿನ್ ಮತ್ತು ಸಂಗಡಿಗರು ಮಿದುಳಿನ ಕೊಬ್ಬಿನ ಲೆಕ್ಕ ತೆಗೆದಿದ್ದರು. ನೀರಿನಂಶ ಕಳೆದರೆ ಮಿದುಳಿನ ಅರ್ಧಕ್ಕೂ ಹೆಚ್ಚು ಭಾಗ ಕೊಬ್ಬೇ. ಅದರಲ್ಲಿಯೂ ಡಿ.ಎಚ್.ಎ. ಎಂಬ ಒಮೆಗಾ-3 ಆಮ್ಲ ಮತ್ತು ಅರಾಕಿಡೋನಿಕ್ ಆಮ್ಲ ಎಂಬ ಒಮೆಗಾ-6 ಆಮ್ಲ ಬಸುರಿನ ಕಡೆಯ ಮೂರು ತಿಂಗಳಲ್ಲಿ ಮಿದುಳಿನಲ್ಲಿ ಭರದಿಂದ ಸಂಗ್ರಹವಾಗುತ್ತವೆ ಎಂದು 1980ರಲ್ಲಿ ಅವರು ತೋರಿಸಿದರು. ಏಳು ತಿಂಗಳಿಗೆ ಹುಟ್ಟಿದ ಕೂಸು ಸರಿಯಾಗಿ ಆ ಮೂರು ತಿಂಗಳನ್ನೇ ಕಳೆದುಕೊಂಡಿರುತ್ತದೆ. ತಾಯಿಹಾಲಿನಲ್ಲಿ ಈ ಎರಡೂ ಅಲ್ಪಸ್ವಲ್ಪ ಇವೆ. ಆಗಿನ ಪುಡಿಹಾಲಿನಲ್ಲಿ ಎರಡೂ ಇರಲಿಲ್ಲ. ಮೂಲ ಆಮ್ಲಗಳನ್ನು ಕೊಟ್ಟರೆ ಕೂಸು ತಾನೇ ಇವನ್ನು ಕಟ್ಟಿಕೊಳ್ಳುತ್ತದೆ ಎಂಬ ಭರವಸೆ ಇತ್ತು. ಕಟ್ಟಿಕೊಳ್ಳುವುದು ನಿಜ, ಆದರೆ ಬೇಕಾದಷ್ಟು ವೇಗವಾಗಿ ಅಲ್ಲ.

ಇದರ ಪರಿಣಾಮ ಮೊದಲು ಕಂಡದ್ದು ಕಣ್ಣಿನಲ್ಲಿ. ಡಲ್ಲಾಸ್‌ನಲ್ಲಿ ರಿಕಾರ್ಡೊ ವವಾಯ್ ಮತ್ತು ಬರ್ಚ್ ದಂಪತಿ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೀರ ಕಡಿಮೆ ತೂಕದ ಕೂಸುಗಳಲ್ಲಿ ಕೆಲವಕ್ಕೆ ಮೆಕ್ಕೆಜೋಳದ ಎಣ್ಣೆಯ ಪುಡಿಹಾಲು, ಕೆಲವಕ್ಕೆ ಸೋಯಾ ಎಣ್ಣೆಯದು, ಕೆಲವಕ್ಕೆ ಮೀನೆಣ್ಣೆ ಸೇರಿಸಿದ್ದು. ಹೋಲಿಕೆಗೆ ತಾಯಿಹಾಲು ಕುಡಿದ ಕೂಸುಗಳು. ಮೆಕ್ಕೆಜೋಳದ ಎಣ್ಣೆಯ ಕೂಸುಗಳ ರೆಟಿನಾ ಸ್ಪಂದಿಸಬೇಕಾದರೆ ಹೆಚ್ಚು ಬೆಳಕು ಬೇಕಾಯಿತು. ಮೀನೆಣ್ಣೆ ಪಡೆದವು ತಾಯಿಹಾಲಿನವಕ್ಕೆ ಸಮೀಪವಾಗಿದ್ದವು. ಮೆಂಫಿಸ್‌ನಲ್ಲಿ ಸೂಸನ್ ಕಾರ್ಲ್ಸನ್ ಕೂಡ ಮೀನೆಣ್ಣೆಯಿಂದ ಎಳೆಯ ತಿಂಗಳುಗಳಲ್ಲಿ ದೃಷ್ಟಿ ಚುರುಕಾಗುವುದನ್ನು ಕಂಡರು. ಆದರೆ ಮುಂದೆ ಅವರ ಲೆಕ್ಕದಲ್ಲಿಯೇ ಇನ್ನೊಂದು ಸಂಗತಿ ಹೊರಬಿತ್ತು: ಮೀನೆಣ್ಣೆಯ ಕೂಸುಗಳ ರಕ್ತದಲ್ಲಿ ಅರಾಕಿಡೋನಿಕ್ ಆಮ್ಲ ಕುಸಿದಿತ್ತು, ಅದು ಕುಸಿದಷ್ಟೂ ಮೊದಲ ವರ್ಷದ ಬೆಳವಣಿಗೆ ಹಿಂದೆ ಬಿದ್ದಿತ್ತು. ಒಮೆಗಾ-3 ಮತ್ತು ಒಮೆಗಾ-6 ಅಣ್ಣತಮ್ಮಂದಿರಂತೆ. ಒಬ್ಬನಿಗೆ ಹೆಚ್ಚು ಬಡಿಸಿದರೆ ಇನ್ನೊಬ್ಬನ ತಟ್ಟೆ ಬರಿದಾಗುತ್ತದೆ. 1993ರ ಈ ವರದಿಯ ಬಳಿಕ ಎರಡನ್ನೂ ಜೊತೆಯಾಗಿ ಕೊಡಬೇಕೆಂಬ ಅಭಿಪ್ರಾಯ ಬಲಗೊಂಡಿತು.

ಎರಡನ್ನೂ ಎಲ್ಲಿಂದ ತರುವುದು? ಉತ್ತರ ಬಾಹ್ಯಾಕಾಶ ಯಾನದ ಕಡೆಯಿಂದ ಬಂದದ್ದು ಈ ಕಥೆಯ ಬೆರಗು. ದೀರ್ಘ ಯಾನದಲ್ಲಿ ಪಾಚಿಯನ್ನು ಬಳಸುವ ಬಗ್ಗೆ ನಾಸಾ ನೆರವಿನಿಂದ ನಡೆದ ಸಂಶೋಧನೆಯಲ್ಲಿ ತೊಡಗಿದ್ದ ವಿಜ್ಞಾನಿಗಳು ಅಮೆರಿಕೆಯ ಮೇರಿಲ್ಯಾಂಡಿನಲ್ಲಿ ಮಾರ್ಟೆಕ್ ಎಂಬ ಕಂಪನಿ ಕಟ್ಟಿದರು. ಸಮುದ್ರದ ಸೂಕ್ಷ್ಮಪಾಚಿಯೊಂದರಿಂದ ಡಿ.ಎಚ್.ಎ., ಮಣ್ಣಿನ ಬೂಷ್ಟೊಂದರಿಂದ ಅರಾಕಿಡೋನಿಕ್ ಆಮ್ಲ ತಯಾರಾದವು. 2001ರಲ್ಲಿ ಅಮೆರಿಕೆಯ ಆಹಾರ ಮತ್ತು ಔಷಧ ಆಡಳಿತ ಆಕ್ಷೇಪವಿಲ್ಲವೆಂದ ಮೇಲೆ ಅವು ಡಬ್ಬಿಗೆ ಸೇರಿದವು. 2020ರಿಂದ ಯುರೋಪಿನಲ್ಲಿ ಶಿಶುಗಳ ಪುಡಿಹಾಲಿಗೆ ಡಿ.ಎಚ್.ಎ. ಕಡ್ಡಾಯವಾಗಿದೆ. ‘ಮಿದುಳಿನ ಬೆಳವಣಿಗೆಗೆ’ ಎಂಬ ಜಾಹೀರಾತಿನ ಮಾತು ಮನೆಮಾತಾದದ್ದೂ ಈ ಕಾಲದಲ್ಲಿಯೇ.

ಆ ಮಾತು ಎಷ್ಟು ನಿಜ? 1992ರಲ್ಲಿ ಇಂಗ್ಲೆಂಡಿನ ಆಲನ್ ಲ್ಯೂಕಸ್ ಮತ್ತು ಸಂಗಡಿಗರು, ದಿನ ತುಂಬದೆ ಹುಟ್ಟಿ ಆಗಿಂದಾಗಲೇ ತಾಯಿಹಾಲು ಪಡೆದ ಮಕ್ಕಳ ಬುದ್ಧಿಸೂಚ್ಯಂಕ ಏಳೆಂಟು ವರ್ಷದ ಪ್ರಾಯದಲ್ಲಿ ಉಳಿದವರಿಗಿಂತ 8.3 ಅಂಕ ಮೇಲಿತ್ತು ಎಂದರು. ಆ ಹಾಲು ನಳಿಕೆಯಿಂದ ಹೋದದ್ದು; ಆದ್ದರಿಂದ ಎದೆಗವಚಿ ಊಡಿಸಿದ್ದರ ಫಲವೆನ್ನುವಂತಿರಲಿಲ್ಲ. ಹಾಲು ಕೊಡಲು ನಿಶ್ಚಯಿಸಿದ ತಾಯಂದಿರು ಬೇರೆ ರೀತಿಗಳಲ್ಲಿಯೂ ಭಿನ್ನರಿರಬಹುದು ಎಂಬ ಆಕ್ಷೇಪಕ್ಕೆ ಅರ್ಥವಿದೆ. ಆದರೆ ಹಾಲಿನ ಈ ಗುಣಕ್ಕೆ ಡಿ.ಎಚ್.ಎ. ಒಂದೇ ಕಾರಣವೆಂದು ಬಗೆದು ಅದನ್ನಷ್ಟೇ ಸೇರಿಸಿದಾಗ ದೊರೆತ ಫಲಗಳು ಗೊಂದಲದವು. ಆಸ್ಟ್ರೇಲಿಯಾದಲ್ಲಿ 657 ಶಿಶುಗಳ ಪ್ರಯೋಗದಲ್ಲಿ ಹೆಚ್ಚಿನ ಪ್ರಮಾಣದ ಡಿ.ಎಚ್.ಎ. ಕೊಟ್ಟರೂ 18 ತಿಂಗಳ ಹೊತ್ತಿಗೆ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ ಎಂದು 2009ರ ವರದಿ ಹೇಳಿತು. ಹೆಣ್ಣುಮಕ್ಕಳಲ್ಲಿ ಮಾತ್ರ ಸ್ವಲ್ಪ ಮೇಲುಗೈ. 29 ವಾರಕ್ಕೂ ಮೊದಲು ಹುಟ್ಟಿದ 1273 ಶಿಶುಗಳ ಇನ್ನೊಂದು ಪ್ರಯೋಗದಲ್ಲಿ, ಶ್ವಾಸಕೋಶದ ದೀರ್ಘ ಕಾಯಿಲೆಯನ್ನು ಡಿ.ಎಚ್.ಎ. ತಡೆಯಬಹುದೆಂಬ ನಿರೀಕ್ಷೆಯಿತ್ತು. 2017ರಲ್ಲಿ ಬಂದ ಫಲಿತಾಂಶ ತಿರುಗುಮುರುಗು: ಕೊಟ್ಟವರಲ್ಲಿ ಶೇ. 49.1, ಕೊಡದವರಲ್ಲಿ ಶೇ. 43.9 ಕೂಸುಗಳಿಗೆ ಆ ಕಾಯಿಲೆ. ಆದರೆ ಅದೇ ಮಕ್ಕಳಲ್ಲಿ ಒಂದಷ್ಟು ಜನರನ್ನು ಐದು ವರ್ಷದ ಪ್ರಾಯದಲ್ಲಿ ಪರೀಕ್ಷಿಸಿದಾಗ, ಡಿ.ಎಚ್.ಎ. ಪಡೆದವರ ಬುದ್ಧಿಸೂಚ್ಯಂಕ ಸುಮಾರು ಮೂರೂವರೆ ಅಂಕ ಮೇಲಿತ್ತು ಎಂದು 2022ರಲ್ಲಿ ತಿಳಿದುಬಂತು. ಶ್ವಾಸಕೋಶಕ್ಕೆ ಒಂದು ಉತ್ತರ, ಮಿದುಳಿಗೆ ಇನ್ನೊಂದು. ವೈದ್ಯರು ಯಾವುದನ್ನು ಆರಿಸಬೇಕು?

ನಮ್ಮ ನಾಡಿಗೂ ಈ ಚರಿತ್ರೆಯಲ್ಲಿ ಪಾಲುಂಟು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಹಸುವಿನ ಹಾಲಿಗಿಂತ ಸುಮಾರು ಎರಡು ಪಟ್ಟು ಜಿಡ್ಡಿರುವ ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿದರು. ಎಮ್ಮೆಯ ಹಾಲು ಎಳೆಮಕ್ಕಳಿಗೆ ಆಗದೆಂಬ ಎಣಿಕೆ ಆಗ ಬಲವಾಗಿತ್ತು. ಆ ವಿಧಾನದಿಂದ ಗುಜರಾತಿನ ಆನಂದದಲ್ಲಿ ಅಮುಲ್ ಶಿಶು ಆಹಾರ ತಯಾರಾಯಿತು, ವಿದೇಶೀ ಡಬ್ಬಿಗಳ ಅವಲಂಬನೆ ತಗ್ಗಿತು. ಅದು ದಿನ ತುಂಬಿದ ಮಕ್ಕಳ ಆಹಾರ. ದಿನ ತುಂಬದವರಿಗೆ ಮುಂಬಯಿ ಬೇರೆ ದಾರಿ ತೋರಿಸಿತು. 1989ರಲ್ಲಿ ಸಾಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ಏಷ್ಯಾದಲ್ಲಿಯೇ ಮೊದಲನೆಯದೆನ್ನಲಾದ ಎದೆಹಾಲಿನ ಬ್ಯಾಂಕನ್ನು ತೆರೆದರು. ಹಾಲು ಹೆಚ್ಚಿರುವ ತಾಯಂದಿರು ಕೊಟ್ಟದ್ದನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಇನ್ನೊಬ್ಬರ ಕೂಸಿಗೆ ಕೊಡುವ ಏರ್ಪಾಡು ಇದು. 1992ರಲ್ಲಿ ನಮ್ಮ ಸಂಸತ್ತು ಪುಡಿಹಾಲಿನ ಜಾಹೀರಾತನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ನಮ್ಮಲ್ಲಿ ಡಬ್ಬಿಯ ಮೇಲೆ ನಗುವ ಕೂಸಿನ ಚಿತ್ರವಿಲ್ಲದಿರುವುದು ಆ ಕಾಯಿದೆಯಿಂದ.

ಬ್ಯಾಂಕಿನ ಹಾಲೂ ಕುಂದಿಲ್ಲದ್ದಲ್ಲ. ತಾಯಿಹಾಲಿನಲ್ಲಿ ಅದರದೇ ಕೊಬ್ಬನ್ನು ಅರಗಿಸುವ ಕಿಣ್ವವೊಂದಿದೆ. ಕೂಸಿನ ಕೊರತೆಯನ್ನು ಹಾಲೇ ತುಂಬಿಕೊಡುತ್ತದೆ. ಕಾಯಿಸಿದಾಗ ಈ ಕಿಣ್ವ ನಾಶವಾಗುತ್ತದೆ. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ಸೇರಿಸಿ ನೋಡಿದರು. ದೊಡ್ಡ ಪ್ರಯೋಗದಲ್ಲಿ ಬೆಳವಣಿಗೆ ಹೆಚ್ಚಲಿಲ್ಲ. ಒಂದು ಸಲ ಬಿಚ್ಚಿದ ಜೋಡಣೆಯನ್ನು ಮರಳಿ ಕೂಡಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದೂ ಸಾಕ್ಷಿ. ಇನ್ನೊಂದು ಕಡೆ, ಪುಣೆಯ ಕೆ.ಇ.ಎಂ. ಆಸ್ಪತ್ರೆಯ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಅಜ್ಜಿಯರಿಗೆ ಹತ್ತಿರವಾದದ್ದು. ನವಜಾತ ಶಿಶುಗಳ ಮೈಗೆ ಕುಸುಬೆ ಎಣ್ಣೆ ತಿಕ್ಕಿದಾಗ ಅವುಗಳ ರಕ್ತದಲ್ಲಿ ಅತ್ಯಾವಶ್ಯಕ ಕೊಬ್ಬಿನಾಮ್ಲಗಳು ಏರಿದವು; ಕೊಬ್ಬರಿ ಎಣ್ಣೆ ತಿಕ್ಕಿದಾಗ ಪರ್ಯಾಪ್ತ ಕೊಬ್ಬಿನಾಮ್ಲಗಳು ಏರಿದವು. ಕೂಸಿನ ತೆಳು ಚರ್ಮವೂ ಜಿಡ್ಡನ್ನು ಉಣ್ಣುತ್ತದೆ. ಎಣ್ಣೆ ಹಚ್ಚಿ ಎರೆಯುವ ಪದ್ಧತಿಯೆಲ್ಲ ವಿಜ್ಞಾನವೆಂದು ಇದರಿಂದ ಸಾರಬೇಕಾಗಿಲ್ಲ; ವೈದ್ಯರನ್ನು ಕೇಳದೆ ಇಷ್ಟು ಎಳೆಯ ಕೂಸಿಗೆ ಏನನ್ನೂ ಹಚ್ಚಬಾರದು.

ಈ ಚರಿತ್ರೆಯನ್ನು ಓದಿ ಪುಡಿಹಾಲನ್ನು ಹಳಿಯುವುದು ಸುಲಭ. ನಾವು ಹಳಿಯಲಾರೆವು. ಊರಿನಿಂದ ದೂರದ ನಗರದಲ್ಲಿ, ಶಸ್ತ್ರಕ್ರಿಯೆಯ ನೋವಿನಲ್ಲಿ, ಕೂಸು ಗಾಜಿನ ಪೆಟ್ಟಿಗೆಯೊಳಗಿರುವಾಗ ಹಾಲಿಳಿಯದ ತಾಯಿಗೆ ಎದೆಹಾಲಿನ ಮಹಿಮೆಯ ಉಪನ್ಯಾಸ ಕೊಡುವುದು ಕ್ರೌರ್ಯ. ಹತ್ತಿರದಲ್ಲಿ ಹಾಲಿನ ಬ್ಯಾಂಕ್ ಇಲ್ಲದ ಕಡೆ ಆ ಡಬ್ಬಿಯೇ ಕೂಸನ್ನು ಉಳಿಸುತ್ತದೆ. ಅದರಲ್ಲಿ ಇಂದು ಇರುವ ಜಿಡ್ಡು ಲೀಬಿಗ್‌ನ ಕಾಲದ್ದಕ್ಕಿಂತಲೂ ಹ್ಯಾನ್ಸನ್‌ನ ಕಾಲದ್ದಕ್ಕಿಂತಲೂ ಎಷ್ಟೋ ಮೇಲು. ಇನ್ನೊಂದು ನಿಜವನ್ನೂ ಒಪ್ಪಬೇಕು. ದಿನ ತುಂಬದ ಕೂಸು ಮೊದಲು ಕಳೆದುಕೊಂಡದ್ದು ಮಾಸನ್ನು. ಆ ಹೊತ್ತಿನಲ್ಲಿ ಮಾಸು ಕೊಡುತ್ತಿದ್ದಷ್ಟು ಡಿ.ಎಚ್.ಎ.ಯನ್ನು ತಾಯಿಹಾಲೂ ಸಾಮಾನ್ಯವಾಗಿ ಕೊಡಲಾರದು. ಯಾವುದನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕು ಎಂಬುದೇ ಇನ್ನೂ ತೀರ್ಮಾನವಾಗದ ಪ್ರಶ್ನೆ.

ನಮ್ಮ ಬಳಗದ ಆ ಮನೆಯಲ್ಲಿ ಐದನೆಯ ದಿನ ಹಾಲಿಳಿಯಿತು. ಮೂರು ಗಂಟೆಗೊಮ್ಮೆ ಹಿಂಡಿ, ಪುಟ್ಟ ಸೀಸೆಯಲ್ಲಿ ತುಂಬಿ, ಗಂಡ ಆಟೋ ಹಿಡಿದು ಆಸ್ಪತ್ರೆಗೆ ಮುಟ್ಟಿಸುತ್ತಿದ್ದ. ಸಾಲದ್ದಕ್ಕೆ ಪುಡಿಹಾಲು ಜೊತೆಗೂಡಿತು. ಎರಡು ತಿಂಗಳ ಬಳಿಕ ಕೂಸು ಮನೆಗೆ ಬಂತು. ಎರಡರಲ್ಲಿ ಯಾವುದು ಅದನ್ನು ಉಳಿಸಿತೆಂದು ಅಜ್ಜಿ ಕೇಳಲಿಲ್ಲ, ನಾವೂ ಹೇಳಹೋಗಲಿಲ್ಲ. ಅವರ ಮೊದಲ ಪ್ರಶ್ನೆ ಮಾತ್ರ ನಮ್ಮಲ್ಲಿ ಉಳಿದಿದೆ. ಅಂದು ವೈದ್ಯರು ಕೊಟ್ಟ ಉತ್ತರಕ್ಕೆ ಈಗ ಎರಡು ಮಾತು ಕೂಡಿಸಬಹುದು: ಎಲ್ಲವನ್ನೂ ಹಾಕಿರುತ್ತಾರೆ ಅಜ್ಜಿ, ಇಲ್ಲಿಯವರೆಗೆ ತಿಳಿದಿರುವ ಎಲ್ಲವನ್ನೂ.